ದಾದಿಯ ಸಂದೂಕು ಖಾಲಿ ಮಾಡುವ ಮುನ್ನ





ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಥವಾ ರಮಝಾನ್‌ಗೆ ಮುಂಚೆ ಮನೆ ತೊಳೆಯುವಾಗ ಅಟ್ಟದಿಂದ ಒಂದು ಹಳೆಯ ಸಂದೂಕು ಕೆಳಗಿಳಿಯುತ್ತದೆ. ನಿಮ್ಮ ಮನೆಯಲ್ಲೂ ಇದ್ದೀತು. ಮೇಲ್ಗಡೆ ಮಾಸಿದ ರೇಶ್ಮೆ ಬಟ್ಟೆ, ನಡುವೆ ಹಿತ್ತಾಳೆಯ ಪಾನ್‌ದಾನ್, ಎಲ್ಲಕ್ಕಿಂತ ತಳದಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟ ಒಂದಷ್ಟು ಪುಸ್ತಕಗಳು. ಮುಟ್ಟಿದರೆ ಪುಡಿಯಾಗುವ ಹಾಳೆ, ಉರ್ದು ಅಕ್ಷರ. ನಮ್ಮ ಕಡೆ ಮಕ್ಕಳು ಮನೆಯಲ್ಲಿ ಉರ್ದು ಮಾತಾಡುತ್ತಾರೆ. ಶಾಲೆಯಲ್ಲಿ ಕಲಿಯುವುದು ಮಾತ್ರ ಕನ್ನಡ ಮತ್ತು ಇಂಗ್ಲಿಷ್. ಆದ್ದರಿಂದ ಅಜ್ಜಿಯ ಪುಸ್ತಕ ಮೊಮ್ಮಗಳ ಪಾಲಿಗೆ ಮುಚ್ಚಿದ ಬಾಗಿಲು. ಆಗ ಮನೆಯವರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಕುರ್‌ಆನಿನ ಹಾಳೆಯೇ ಇರಬಹುದೆಂದು ಹೆದರಿ ಎಲ್ಲವನ್ನೂ ತುಂಗಭದ್ರೆಗೆ ಬಿಡುತ್ತಾರೆ, ಇಲ್ಲವೇ ಎಲ್ಲವನ್ನೂ ರದ್ದಿಗೆ ಹಾಕುತ್ತಾರೆ.

ಈ ತಿಂಗಳು ಆ ಗಂಟಿನ ಬಗ್ಗೆ ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ. ನಿಮಗೆ ಬುದ್ಧಿ ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುವುದು ನ್ಯಾಯ.

ನಾನು ಮಾಡಿದ ಮೂರು ಗುಡ್ಡೆ

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಮದ್ರಸದ ಓದು ಮುಗಿಸಿ ಕಮಲಾಪುರದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದ್ದೆ. ಸಂಡೂರಿನ ಅದಿರಿನ ಲಾರಿಗಳು ಹೊಸಪೇಟೆಯ ರಸ್ತೆಗಳನ್ನು ಕೆಂಪು ಮಾಡಿದ್ದ ಕಾಲ. ಕೈಯಲ್ಲಿ ನಾಲ್ಕು ಕಾಸು ಓಡಾಡಿದವರೆಲ್ಲ ಹಳೆಯ ಮಣ್ಣಿನ ಮಾಳಿಗೆ ಕೆಡವಿ ಹೊಸ ಮನೆ ಕಟ್ಟಿಸುತ್ತಿದ್ದರು. ನಮ್ಮ ಬೀದಿಯ ಒಂದು ಮನೆಯಲ್ಲೂ ಅದೇ ಸಂಭ್ರಮ. ಆ ಮನೆಯ ಸೊಸೆ ನನ್ನನ್ನು ಕರೆಸಿ, "ಆಪಾ, ಇವು ಯಾವ ಕಿತಾಬುಗಳೋ ನಮಗೆ ತಿಳಿಯದು. ದೀನಿನದು ಯಾವುದು, ಬೇರೆ ಯಾವುದು ನೋಡಿ ಹೇಳಿ. ಗುನಾಹ್ ಆಗಬಾರದು" ಎಂದರು.

ನಾನು ನೆಲದ ಮೇಲೆ ಕೂತು ಮೂರು ಗುಡ್ಡೆ ಮಾಡಿದೆ. ಕುರ್‌ಆನಿನ ಹರಿದ ಹಾಳೆಗಳು ಒಂದು ಕಡೆ. ಅವನ್ನು ಗೌರವದಿಂದ ಹೂಳಬೇಕು. ಹದೀಸ್, ಫಿಕ್ಹ್, ದುಆದ ಪುಸ್ತಕಗಳು ಇನ್ನೊಂದು ಕಡೆ. ಅವು ಮದ್ರಸದ ಕಪಾಟಿಗೆ. ಉಳಿದದ್ದು ಕಿಸ್ಸೆ ಕಹಾನಿ, ಮೂರನೆಯ ಗುಡ್ಡೆ. ಅದರಲ್ಲಿ ಹೊದಿಕೆ ಹರಿದ ಒಂದು ಪುಸ್ತಕ ಕೈಗೆ ಬಂತು. ಹೆಸರು 'ಮಿರ್‌ಆತುಲ್ ಉರೂಸ್'. ಮದುಮಗಳ ಕನ್ನಡಿ ಎಂದರ್ಥ. ಹೆಸರು ನನಗೆ ಹೊಸದಲ್ಲ. ಮೌಲಾನಾ ಅಶ್ರಫ್ ಅಲಿ ಥಾನವಿಯವರ 'ಬಿಹಿಶ್ತಿ ಝೇವರ್'ನಲ್ಲಿ ಹೆಣ್ಣುಮಕ್ಕಳು ಓದದಿರುವುದು ಒಳ್ಳೆಯದೆಂದು ಕೊಟ್ಟಿರುವ ಪಟ್ಟಿಯಲ್ಲಿ ಆ ಹೆಸರನ್ನು ಕಂಡಿದ್ದೆ. ಪುಸ್ತಕ ತೆರೆಯಲೂ ಇಲ್ಲ. ಗುಡ್ಡೆಗೆ ಎಸೆದೆ. ಮಧ್ಯಾಹ್ನ ರದ್ದಿಯವನು ಬಂದು ತೂಕ ಮಾಡಿ ಒಯ್ದ.

ಆ ಮನೆಯ ದಾದಿ ಮೂಲೆಯ ಮಂಚದ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. ಕಣ್ಣು ಮಂಜಾಗಿತ್ತು. ಚಹಾ ಕುಡಿದು ನಾನು ಏಳುವಾಗ ಮೆಲ್ಲಗೆ ಕೇಳಿದರು: "ಬೇಟಿ, ಮದುಮಗಳ ಕಿತಾಬು ಇತ್ತಲ್ಲ, ಅದನ್ನು ಎಲ್ಲಿಟ್ಟೆ? ಅದರಲ್ಲಿ ನನ್ನ ಅಮ್ಮೀಜಾನ್ ಕೈಯಾರೆ ತನ್ನ ಹೆಸರು ಬರೆದಿದ್ದಾರೆ."

ಮರುದಿನ ಬೆಳಗ್ಗೆಯೇ ಹೊಸಪೇಟೆಯ ರದ್ದಿ ಅಂಗಡಿಗೆ ಹೋದೆ. ಅಂಗಡಿಯವನು ಪಾಪ, ಚೀಲಗಳನ್ನೆಲ್ಲ ಬಿಚ್ಚಿ ತೋರಿಸಿದ. ಆ ಲೋಡು ರಾತ್ರಿಯೇ ಹೋಗಿತ್ತು. ದಾದಿಯ ಬಳಿ ಕ್ಷಮೆ ಕೇಳಿದೆ. "ಕೋಯಿ ಬಾತ್ ನಹೀಂ" ಎಂದರು. ದೊಡ್ಡವರು ಹಾಗೇ ಹೇಳುವುದು. ಆದರೆ ಆ ಮೇಲೆ ಅವರು ನನ್ನನ್ನು ಯಾವ ಪುಸ್ತಕದ ವಿಷಯವನ್ನೂ ಕೇಳಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಅಲ್ಲಾಹನು ಅವರ ಮಗ್ಫಿರತ್ ಮಾಡಲಿ.

ನಾನು ಎಸೆದದ್ದು ಏನು?

ಕೆಲವು ವರ್ಷಗಳ ನಂತರ ಬಿ.ಎ. ಪರೀಕ್ಷೆಗೆ ಕಟ್ಟಿದೆ. ಉರ್ದು ಸಾಹಿತ್ಯದ ಚರಿತ್ರೆ ಓದುವಾಗ ಆ ಹೆಸರು ಮತ್ತೆ ಎದುರಾಯಿತು. 'ಮಿರ್‌ಆತುಲ್ ಉರೂಸ್' 1869ರಲ್ಲಿ ಅಚ್ಚಾದದ್ದು. ಉರ್ದುವಿನ ಮೊದಲ ಕಾದಂಬರಿಯೆಂದು ಹೆಚ್ಚಿನವರು ಗುರುತಿಸುವ ಕೃತಿ. ಬರೆದವರು ಡೆಪ್ಯುಟಿ ನಝೀರ್ ಅಹ್ಮದ್. ದಿಲ್ಲಿ ಕಾಲೇಜಿನಲ್ಲಿ ಓದಿ ಡೆಪ್ಯುಟಿ ಕಲೆಕ್ಟರ್ ಆದವರು, ಮುಂದೆ ಹೈದರಾಬಾದ್ ಸಂಸ್ಥಾನದಲ್ಲೂ ಕೆಲಸ ಮಾಡಿದವರು, ಕುರ್‌ಆನನ್ನು ಉರ್ದುವಿಗೆ ಅನುವಾದಿಸಿದವರು. ತನ್ನ ಹೆಣ್ಣುಮಕ್ಕಳಿಗೆ ಓದಲು ತಕ್ಕ ಪುಸ್ತಕವೇ ಇಲ್ಲವೆಂದು ಅವರು ತಾವೇ ಬರೆಯಲು ಕೂತರು. ಸರಕಾರಿ ಬಹುಮಾನಕ್ಕೆ ಹೋದಾಗ 1000 ರೂಪಾಯಿ ಬಂತು. ಸರಕಾರವೇ 2000 ಪ್ರತಿ ಕೊಂಡಿತು.

ಕಥೆ ಸರಳ. ಅಕ್ಬರಿ ಮತ್ತು ಅಸ್ಗರಿ ಎಂಬ ಅಕ್ಕತಂಗಿಯರು ಒಂದೇ ಮನೆಗೆ ಸೊಸೆಯಂದಿರಾಗಿ ಹೋಗುತ್ತಾರೆ. ಮುದ್ದಿನಲ್ಲಿ ಬೆಳೆದ ಅಕ್ಬರಿ, ಹಜ್ಜನ್ ಎಂದು ಹೇಳಿಕೊಂಡು ಬಂದ ಮೋಸಗಾತಿಯನ್ನು ನಂಬಿ ಒಡವೆ ಕಳೆದುಕೊಳ್ಳುತ್ತಾಳೆ. ಓದುಬರಹ ಬಲ್ಲ ಅಸ್ಗರಿ ಮನೆಯ ಲೆಕ್ಕ ನೋಡಿ, ವರ್ಷಗಳಿಂದ ಕದಿಯುತ್ತಿದ್ದ ಕೆಲಸದ ಹೆಂಗಸನ್ನು ಹಿಡಿಯುತ್ತಾಳೆ, ಸಾಲ ತೀರಿಸುತ್ತಾಳೆ, ಕೊನೆಗೆ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಪಾಠಶಾಲೆ ನಡೆಸುತ್ತಾಳೆ. ಹೆಣ್ಣುಮಕ್ಕಳಿಗೆ ಪಾಠ ಹೇಳುವ ನಾನು, ಅದೇ ಕೆಲಸ ಮಾಡಿದ ಅಸ್ಗರಿಯ ಕಥೆಯನ್ನು ತಕ್ಕಡಿಗೆ ಹಾಕಿದ್ದೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಥಾನವಿಯವರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ದೀನು ಸಡಿಲವಾಗಬಾರದೆಂಬುದು ಅವರ ಆತಂಕ. ಅವರೂ ಹೆಣ್ಣುಮಕ್ಕಳು ಓದಲೇಬೇಕೆಂದು ದೊಡ್ಡ ಗ್ರಂಥವನ್ನೇ ಬರೆದವರು. ಆದರೆ ಏನನ್ನು ಓದಬೇಕೆಂಬ ಸಲಹೆ ಬೇರೆ, ಇನ್ನೊಬ್ಬರ ಮನೆಯ ಸೊತ್ತನ್ನು ತೆರೆದೂ ನೋಡದೆ ತೂಕಕ್ಕೆ ಹಾಕುವುದು ಬೇರೆ. ಮೊದಲನೆಯದು ನಸೀಹತ್. ಎರಡನೆಯದು ಅಮಾನತಿನಲ್ಲಿ ಮಾಡಿದ ತಪ್ಪು. ನಾನು ಮಾಡಿದ್ದು ಎರಡನೆಯದನ್ನು.

ನಝೀರ್ ಅಹ್ಮದರ ಇನ್ನೊಂದು ಕಾದಂಬರಿ 'ತೌಬತುನ್ನಸೂಹ್' 1874ರದ್ದು. ಅದರಲ್ಲಿ ತಂದೆ ನಸೂಹ್ ಕಾಲರಾದಿಂದ ಬದುಕುಳಿದು, ಕನಸಿನಲ್ಲಿ ಪರಲೋಕದ ವಿಚಾರಣೆ ಕಂಡು ತೌಬಾ ಮಾಡುತ್ತಾನೆ. ಮನೆಯವರನ್ನೆಲ್ಲ ತಿದ್ದಲು ಹೊರಡುತ್ತಾನೆ. ಹಿರಿಯ ಮಗ ಕಲೀಮ್ ಮಾತು ಕೇಳುವುದಿಲ್ಲ. ಒಂದು ದಿನ ತಂದೆ ಮಗನ ಪುಸ್ತಕಗಳಿಗೆ ಬೆಂಕಿ ಹಚ್ಚುತ್ತಾನೆ. ಆ ಪುಟ ಓದಿದಾಗಲೆಲ್ಲ ನನಗೆ ಕಮಲಾಪುರದ ಆ ಮೂರನೆಯ ಗುಡ್ಡೆ ನೆನಪಾಗುತ್ತದೆ. ನಸೂಹನಾದರೂ ಯಾವ ಪುಸ್ತಕ ಎಂದು ನೋಡಿ ಸುಟ್ಟ. ನಾನು ನೋಡಲೂ ಇಲ್ಲ.

ಕಲ್ಲಿನಿಂದ ಮೂಡಿದ ಅಕ್ಷರ

ಈ ಹಳೆಯ ಪುಸ್ತಕಗಳಿಗೆ ಇಂದು ಸಂಗ್ರಾಹಕರು ಏಕೆ ಬೆಲೆ ಕೊಡುತ್ತಾರೆ ಎಂದು ನೀವು ಕೇಳಬಹುದು. ಒಂದು ಕಾರಣ ಅವು ತಯಾರಾದ ರೀತಿ. ಆ ಕಾಲದ ಉರ್ದು ಪುಸ್ತಕಗಳಲ್ಲಿ ಹೆಚ್ಚಿನವು ಮೊಳೆ ಜೋಡಿಸಿ ಅಚ್ಚಾದವಲ್ಲ, ಕಲ್ಲಚ್ಚಿನವು. ಕಾತಿಬ್ ಎಂಬ ಲಿಪಿಕಾರ ಇಡೀ ಪುಸ್ತಕವನ್ನು ಜಿಡ್ಡಿನ ಶಾಯಿಯಲ್ಲಿ ವಿಶೇಷ ಕಾಗದದ ಮೇಲೆ ಕೈಯಾರೆ ಬರೆಯುತ್ತಿದ್ದ. ಆ ಬರಹವನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಒತ್ತಿ ಇಳಿಸುತ್ತಿದ್ದರು. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ ನೀರಿದ್ದ ಜಾಗ ಶಾಯಿಯನ್ನು ತಳ್ಳುತ್ತದೆ, ಜಿಡ್ಡಿದ್ದ ಅಕ್ಷರ ಹಿಡಿದುಕೊಳ್ಳುತ್ತದೆ. ಮೇಲೆ ಕಾಗದ ಇಟ್ಟು ಒತ್ತಿದರೆ ಪುಟ ಸಿದ್ಧ. ಅಂದರೆ ಹಳೆಯ ಉರ್ದು ಕಾದಂಬರಿಯ ಪ್ರತಿಯೊಂದು ಪುಟವೂ ಒಬ್ಬ ಮನುಷ್ಯನ ಕೈಬರಹ. ಲಕ್ನೋದಲ್ಲಿ 1858ರಲ್ಲಿ ಆರಂಭವಾದ ಮುನ್ಶಿ ನವಲ್ ಕಿಶೋರರ ಮುದ್ರಣಾಲಯ ಇದರಲ್ಲಿ ಬಹಳ ದೊಡ್ಡ ಹೆಸರು. ಮಾಲೀಕರು ಹಿಂದೂ. ಅವರ ಕಲ್ಲಚ್ಚಿನಿಂದ ಕುರ್‌ಆನ್ ಪ್ರತಿಗಳೂ ಬಂದವು, ರತನ್‌ನಾಥ್ ಸರ್ಶಾರರ ಬೃಹತ್ ಕಾದಂಬರಿ 'ಫಸಾನಾ-ಎ-ಆಝಾದ್' ಕೂಡ ಬಂತು. ಆ ಕಾದಂಬರಿ ಮೊದಲು ಅದೇ ಸಂಸ್ಥೆಯ 'ಅವಧ್ ಅಖ್ಬಾರ್' ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಗಿತ್ತು.

ನಮ್ಮ ಕಮಲಾಪುರದವರಿಗೆ ಕಲ್ಲಿನ ಬೆಲೆ ಹೊಸದಾಗಿ ಹೇಳಬೇಕಿಲ್ಲ. ಇಲ್ಲಿಂದ ತಳವಾರಘಟ್ಟದ ಕಡೆ ಹೋಗುವ ದಾರಿಯಲ್ಲಿ ಅಹ್ಮದ್ ಖಾನರ ಮಸೀದಿಯಿದೆ. ಎರಡನೇ ದೇವರಾಯನ ಅಧಿಕಾರಿಯಾಗಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ್ದು. ಅಲ್ಲಿನ ಶಾಸನ ಕನ್ನಡದಲ್ಲಿದೆ, ಕಟ್ಟಡವನ್ನು ಧರ್ಮಶಾಲೆ ಎಂದು ಕರೆದಿದೆ. ಆ ಕಲ್ಲು ಉಳಿದದ್ದರಿಂದ ಒಂದು ಹೆಸರು ಉಳಿಯಿತು. 1986ರಿಂದ ಹಂಪಿ ವಿಶ್ವ ಪರಂಪರೆಯ ತಾಣ. ಒಂದು ಕಲ್ಲು ಅಲುಗಿದರೂ ಪ್ರಶ್ನೆ ಮಾಡುವವರಿದ್ದಾರೆ. ನಮ್ಮ ಮನೆಯ ಸಂದೂಕಿನ ಕಲ್ಲಚ್ಚಿನ ಪುಸ್ತಕಕ್ಕೆ ಅಂಥ ಕಾವಲು ಇಲ್ಲ. ಅದರ ಕಾವಲು ನೀವೇ.

ಕೊನೆಯ ಪುಟದಿಂದ ಓದಿ

ನಿಮ್ಮ ಮನೆಯ ಪುಸ್ತಕ ಎಷ್ಟು ಹಳೆಯದೆಂದು ತಿಳಿಯುವುದು ಹೇಗೆ? ಉರ್ದು ಅಥವಾ ಅರಬಿ ಅಕ್ಷರ ಕೂಡಿಸಿ ಓದಬಲ್ಲವರು ಒಬ್ಬರಿದ್ದರೆ ಸಾಕು. ಕುರ್‌ಆನ್ ಓದಬಲ್ಲ ಮಗಳೇ ಅರ್ಧ ಕೆಲಸ ಮಾಡುತ್ತಾಳೆ.

ಮೊದಲು ಹೊದಿಕೆ ಮತ್ತು ಮೊದಲ ಪುಟ ನೋಡಿ. 'ಮತ್‌ಬಅ' ಎಂಬ ಪದದ ಮುಂದೆ ಮುದ್ರಣಾಲಯದ ಹೆಸರಿರುತ್ತದೆ. ಪುಸ್ತಕದ ಮೇಲೆ ಮುದ್ರಕರ ಹೆಸರು ಮತ್ತು ಊರು ಇರಲೇಬೇಕೆಂದು ಬ್ರಿಟಿಷ್ ಸರಕಾರ 1867ರಲ್ಲಿ ಕಾನೂನು ಮಾಡಿತ್ತು. 'ಬಾರ್-ಎ-ಅವ್ವಲ್' ಎಂದಿದ್ದರೆ ಮೊದಲ ಮುದ್ರಣ. 'ಬಾರ್-ಎ-ದುವ್ವಮ್' ಎಂದಿದ್ದರೆ ಎರಡನೆಯದು. 'ತಅದಾದ್' ಎಂಬಲ್ಲಿ ಎಷ್ಟು ಪ್ರತಿ ಎಂದೂ, 'ಕೀಮತ್' ಎಂಬಲ್ಲಿ ಎಷ್ಟು ಆಣೆ ಎಂದೂ ಕಾಣಬಹುದು. ಇಸವಿಯ ಅಂಕೆಯ ಪಕ್ಕದ ಗುರುತನ್ನು ಗಮನಿಸಿ. ಎರಡು ಕಣ್ಣಿನ 'ಹೇ' ಇದ್ದರೆ ಹಿಜ್ರಿ, 'ಐನ್' ಇದ್ದರೆ ಈಸವಿ. 1286 ಹಿಜ್ರಿ ಎಂದರೆ 1869-70.

ಮುಂದಿನ ಹಾಳೆಗಳು ಹರಿದುಹೋಗಿದ್ದರೆ ಗಾಬರಿಯಾಗಬೇಡಿ. ಹಳೆಯ ಪುಸ್ತಕ ತನ್ನ ಗುರುತನ್ನು ಹೆಚ್ಚಾಗಿ ಕೊನೆಯಲ್ಲಿ ಹೇಳುತ್ತದೆ. 'ಖಾತಿಮತುತ್ತಬಅ' ಎಂಬ ಮುಕ್ತಾಯದ ಸಾಲುಗಳಲ್ಲಿ ಮುದ್ರಣಾಲಯ, ತಿಂಗಳು, ವರ್ಷ, ಕೆಲವೊಮ್ಮೆ ಕಾತಿಬನ ಹೆಸರೂ ಇರುತ್ತದೆ. ಕೆಲವು ಪುಸ್ತಕಗಳಲ್ಲಿ ವರ್ಷವನ್ನು ಅಂಕೆಯಲ್ಲಿ ಬರೆಯದೆ ಒಂದು ಕವನದಲ್ಲಿ ಅಡಗಿಸಿರುತ್ತಾರೆ. ಇದು ಅಬ್ಜದ್ ಲೆಕ್ಕ. ಅಲಿಫ್ 1, ಬೇ 2, ಜೀಮ್ 3, ದಾಲ್ 4, ಹೀಗೆ ಪ್ರತಿ ಅಕ್ಷರಕ್ಕೂ ಒಂದು ಅಂಕೆ. ಗೈನ್ ಬಂದರೆ 1000. ಬಿಸ್ಮಿಲ್ಲಾಹ್‌ಗೆ ಬದಲಾಗಿ 786 ಎಂದು ಬರೆಯುವುದನ್ನು ನೀವೆಲ್ಲ ಕಂಡಿದ್ದೀರಿ. ಅದೂ ಇದೇ ಲೆಕ್ಕವೇ. ಮಕ್ಕಳಿಗೆ ಈ ಲೆಕ್ಕ ಕಲಿಸಿ ನೋಡಿ, ರಜೆಯ ಮಧ್ಯಾಹ್ನವೆಲ್ಲ ಹಳೆ ಪುಸ್ತಕ ಬಿಟ್ಟು ಏಳುವುದಿಲ್ಲ.

ಹಾಳೆಗಳು ಬಿಡಿಬಿಡಿಯಾಗಿದ್ದರೆ ಪುಟದ ಕೆಳತುದಿಯನ್ನು ನೋಡಿ. ಅಲ್ಲಿ ಒಂಟಿಯಾಗಿ ಒಂದು ಪದ ಬರೆದಿರುತ್ತದೆ. ಅದು ಮುಂದಿನ ಪುಟದ ಮೊದಲ ಪದ. ಪುಟದ ಅಂಕೆ ಅಳಿಸಿದ್ದರೂ ಆ ಪದಗಳನ್ನು ಹಿಡಿದು ಇಡೀ ಪುಸ್ತಕವನ್ನು ಸರಿಯಾಗಿ ಜೋಡಿಸಬಹುದು.

ಎಲ್ಲ ಹಳೆಯ ಪುಸ್ತಕವೂ ಬಂಗಾರವಲ್ಲ ಎಂಬುದನ್ನೂ ತಿಳಿದಿರಿ. ಇಂಥ ಕಾದಂಬರಿಗಳು ಮತ್ತೆ ಮತ್ತೆ ಅಚ್ಚಾದವು. ನಿಮ್ಮಲ್ಲಿರುವುದು ಇಪ್ಪತ್ತನೇ ಶತಮಾನದ ಮರುಮುದ್ರಣವೇ ಆಗಿರುವ ಸಂಭವ ಹೆಚ್ಚು. ಸಂಗ್ರಾಹಕರು ನೋಡುವುದು ಮೊದಲ ಮುದ್ರಣವೇ, ಪುಟಗಳೆಲ್ಲ ಇವೆಯೇ, ಸ್ಥಿತಿ ಹೇಗಿದೆ ಎಂಬುದನ್ನು. ಕೊಳ್ಳಲು ಯಾರಾದರೂ ಮನೆಬಾಗಿಲಿಗೆ ಬಂದರೆ ಅವಸರಪಡಬೇಡಿ. ಇಬ್ಬರು ಬಲ್ಲವರನ್ನು ಕೇಳಿ. ಅಕ್ಬರಿ ಒಡವೆ ಕಳೆದುಕೊಂಡದ್ದು ಸಿಹಿ ಮಾತು ನಂಬಿಯೇ ಅಲ್ಲವೇ?

ಹೆಸರು ಅಚ್ಚಾಗದ ಹೆಣ್ಣುಮಕ್ಕಳು

ಈಗ ನನ್ನ ಮನಸ್ಸಿಗೆ ಹತ್ತಿರವಾದ ಮಾತು. ಇಂಗ್ಲೆಂಡಿನ ಜೇನ್ ಆಸ್ಟಿನ್ ಬರೆದ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' 1811ರಲ್ಲಿ ಪ್ರಕಟವಾದಾಗ ಪುಸ್ತಕದ ಮೇಲೆ ಅವರ ಹೆಸರಿರಲಿಲ್ಲ. ಒಬ್ಬ ಮಹಿಳೆ ಬರೆದದ್ದು ಎಂದಷ್ಟೇ ಇತ್ತು. ಇಂದು ಆ ಹೆಸರಿಲ್ಲದ ಮೊದಲ ಮುದ್ರಣಕ್ಕಾಗಿ ಜಗತ್ತಿನ ಶ್ರೀಮಂತ ಸಂಗ್ರಾಹಕರು ಪೈಪೋಟಿ ನಡೆಸುತ್ತಾರೆ.

ನಮ್ಮಲ್ಲೂ ಅಂಥದೇ ಒಂದು ಪುಸ್ತಕವಿದೆ. ಪಾಟ್ನಾದ ರಶೀದತುನ್ನಿಸಾ ಎಂಬ ಮಹಿಳೆ 'ಮಿರ್‌ಆತುಲ್ ಉರೂಸ್' ಓದಿ ಪ್ರೇರಣೆ ಪಡೆದು 1881ರಲ್ಲಿ 'ಇಸ್ಲಾಹುನ್ನಿಸಾ' ಬರೆದರು. ಉರ್ದುವಿನಲ್ಲಿ ಮಹಿಳೆಯೊಬ್ಬರು ಬರೆದ ಮೊದಲ ಕಾದಂಬರಿ ಅದೇ ಎನ್ನುತ್ತಾರೆ. ಮೂಢ ಆಚರಣೆಗಳಿಂದ ಹೆಣ್ಣುಮಕ್ಕಳು ಹೊರಬರಲಿ ಎಂಬುದು ಅದರ ಕಳಕಳಿ. ಹಸ್ತಪ್ರತಿ ಹದಿಮೂರು ವರ್ಷ ಮನೆಯಲ್ಲೇ ಕೂತಿತ್ತು. ಮಗ ವಿದೇಶದಲ್ಲಿ ಬ್ಯಾರಿಸ್ಟರ್ ಓದಿ ಬಂದ ಮೇಲೆ 1894ರಲ್ಲಿ ಅಚ್ಚಾಯಿತು. ಆಗಲೂ ಲೇಖಕಿಯ ಹೆಸರಿಲ್ಲ. ಇಂಥವರ ತಾಯಿ, ಇಂಥವರ ಮಗಳು, ಇಂಥವರ ಸಹೋದರಿ ಎಂದು ಗಂಡಸರ ಹೆಸರುಗಳ ಮೂಲಕ ಆಕೆಯನ್ನು ಗುರುತಿಸಲಾಗಿತ್ತು. ಯೋಚಿಸಿ ಸಹೋದರಿಯರೇ, ಆ ಹದಿಮೂರು ವರ್ಷಗಳಲ್ಲಿ ನನ್ನಂಥ ಒಬ್ಬಳು ಆ ಮನೆಗೆ ಹೋಗಿ ಮೂರು ಗುಡ್ಡೆ ಮಾಡಿದ್ದರೆ?

ಕನ್ನಡದ ಮನೆಗಳ ಕಥೆಯೂ ದೂರದ್ದಲ್ಲ. ನಝೀರ್ ಅಹ್ಮದರು ವಿಧವೆಯರ ಮರುಮದುವೆಯ ವಿಷಯದಲ್ಲಿ 'ಅಯಾಮಾ' ಬರೆದದ್ದು 1891ರಲ್ಲಿ. ಗುಲ್ವಾಡಿ ವೆಂಕಟರಾಯರು ಅದೇ ಸಂಕಟವನ್ನು ಇಟ್ಟುಕೊಂಡು ಕನ್ನಡದಲ್ಲಿ 'ಇಂದಿರಾಬಾಯಿ' ಬರೆದರು. ಅದು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಎರಡು ಭಾಷೆ, ಎರಡು ಸಮುದಾಯ, ಎಂಟು ವರ್ಷಗಳ ಅಂತರ, ಹೆಣ್ಣಿನ ಕಣ್ಣೀರು ಒಂದೇ. ಇನ್ನು ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1878ರಲ್ಲಿ ಚಾಂದ್‌ಬೀಬಿಯ ಮೇಲೆ ಇಂಗ್ಲಿಷ್‌ನಲ್ಲಿ ಕಾದಂಬರಿ ತಂದರು. ನಮ್ಮ ಸೀಮೆಯ ರಾಣಿಯ ಕಥೆ ಲಂಡನ್ನಿನಲ್ಲಿ ಅಚ್ಚಾಗಿ ಮೂರು ಸಂಪುಟಗಳಲ್ಲಿ ಬಂತು. ಹಳೆಯ ವಕೀಲರ, ತಹಶೀಲ್ದಾರರ ಮನೆಗಳ ಕಪಾಟಿನಲ್ಲಿ ಇಂಥವು ಇನ್ನೂ ಇದ್ದಾವು.

ಆದರೆ ಪುಸ್ತಕದ ಬೆಲೆ ಅಚ್ಚಾದ ಅಕ್ಷರದಲ್ಲಿ ಮಾತ್ರ ಇರುವುದಿಲ್ಲ. ಎರಡು ವರ್ಷಗಳ ಹಿಂದೆ ಹೊಸಪೇಟೆಯ ನನ್ನ ಒಬ್ಬ ವಿದ್ಯಾರ್ಥಿನಿ ದುಪಟ್ಟಾದ ತುಂಡಿನಲ್ಲಿ ಕಟ್ಟಿದ ಪುಸ್ತಕ ತಂದಳು. 'ತೌಬತುನ್ನಸೂಹ್'. ಮರುಮುದ್ರಣ, ಹುಳು ತಿಂದ ಅಂಚು. ಮಾರಾಟಕ್ಕೆ ಇಟ್ಟರೆ ಏನೂ ಬಾರದು. ಈ ಸಲ ನಾನು ಮೊದಲು ಖಾಲಿ ಹಾಳೆಗಳನ್ನು ತೆರೆದೆ. ಹಿಂಬದಿಯ ಹಾಳೆಯಲ್ಲಿ ಮಸುಕಾದ ಶಾಯಿಯಲ್ಲಿ ಒಬ್ಬ ತಾಯಿ ತನ್ನ ಮಕ್ಕಳ ಹುಟ್ಟನ್ನು ಬರೆದಿಟ್ಟಿದ್ದರು. ದಿನ, ವಾರ, ಹಿಜ್ರಿ ವರ್ಷ. 1352ರಲ್ಲಿ ಹುಟ್ಟಿದ ಒಂದು ಹೆಣ್ಣುಮಗುವಿನ ಹೆಸರಿನ ಮುಂದೆ ಎರಡೇ ವರ್ಷದ ನಂತರದ ಇನ್ನೊಂದು ತಾರೀಕು, ಮತ್ತು ದುಆದ ಎರಡು ಪದ. ಕೆಳಗೆ 1359ರಲ್ಲಿ ಹುಟ್ಟಿದ ಕಿರಿಯ ಮಗಳು. ಆಕೆಯೇ ಆ ವಿದ್ಯಾರ್ಥಿನಿಯ ನಾನಿ.

ಹುಡುಗಿ ಮನೆಗೆ ಹೋಗಿ ಆ ಹಾಳೆಯನ್ನು ನಾನಿಗೆ ಓದಿ ಹೇಳಿದಳು. ನಾನಿಗೆ ತನಗೊಬ್ಬ ಅಕ್ಕ ಇದ್ದು ತೀರಿಕೊಂಡಿದ್ದಳೆಂದು ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ. ಹೇಳುವವರು ಯಾರೂ ಉಳಿದಿರಲಿಲ್ಲ. ಎಂಬತ್ತು ದಾಟಿದ ಮೇಲೆ ಮೊದಲ ಬಾರಿಗೆ ಅಕ್ಕನ ಹೆಸರು ಹಿಡಿದು ದುಆ ಮಾಡಿದರಂತೆ. "ಆಪಾ, ನಾನಿ ಆ ಹೆಸರನ್ನು ನನ್ನಿಂದ ಮೂರು ಸಲ ಓದಿಸಿದರು" ಎಂದು ಹುಡುಗಿ ಹೇಳಿದಾಗ ನಾನು ಮುಖ ಆಚೆ ತಿರುಗಿಸಿದೆ. ಕಮಲಾಪುರದ ದಾದಿಗೆ ನಾನು ಹಿಂದಿರುಗಿಸಲಾಗದ ಹೆಸರು ನೆನಪಾಗಿತ್ತು.

ನಮ್ಮ ಹಿಂದಿನ ತಲೆಮಾರಿನ ಹೆಣ್ಣುಮಕ್ಕಳ ಹೆಸರು ಹೊಲದ ಪಹಣಿಯಲ್ಲಿ ಇರುವುದು ಅಪರೂಪ, ಮಸೀದಿಯ ಕಲ್ಲಿನಲ್ಲಿ ಇನ್ನೂ ಅಪರೂಪ. ಇರುವುದಾದರೆ ನಿಕಾಹ್‌ನಾಮೆಯಲ್ಲಿ, ಇಲ್ಲವೇ ಓದಿದ ಪುಸ್ತಕದ ಖಾಲಿ ಹಾಳೆಯಲ್ಲಿ.

ಮನೆಯಲ್ಲೇ ಮಾಡಬಹುದಾದ ಕೆಲಸ

ಹಳೆಯ ಪುಸ್ತಕ ಕಾಪಾಡಲು ಹೆಚ್ಚು ಖರ್ಚಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಮರದ ತಿರುಳಿನ ಅಗ್ಗದ ಕಾಗದ ಬಂತು. ಅದರಲ್ಲಿ ಆಮ್ಲವಿರುವುದರಿಂದ ಕಂದು ಬಣ್ಣಕ್ಕೆ ತಿರುಗಿ ಹಪ್ಪಳದಂತೆ ಮುರಿಯುತ್ತದೆ. ಅದಕ್ಕೂ ಹಿಂದಿನ ಚಿಂದಿಬಟ್ಟೆಯ ಕಾಗದ ಎಷ್ಟೋ ಗಟ್ಟಿ. ಆದ್ದರಿಂದ ಹೊಸದಾಗಿ ಕಾಣುವ ಪುಸ್ತಕಕ್ಕಿಂತ ಹಳೆಯದೇ ಬಲವಾಗಿದ್ದರೆ ಆಶ್ಚರ್ಯಪಡಬೇಡಿ.

ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಲೆ ಮಾಡುತ್ತದೆ. ಲ್ಯಾಮಿನೇಶನ್ ಮಾಡಿಸಬೇಡಿ. ಬೈಂಡಿಂಗ್ ಅಂಗಡಿಗೆ ಕೊಟ್ಟರೆ ಅಂಚು ಕತ್ತರಿಸಿಬಿಡುತ್ತಾರೆ, ಅಂಚಿನಲ್ಲಿ ಬರೆದದ್ದೆಲ್ಲ ಹೋಗುತ್ತದೆ. ಹಳೆಯ ಹೊದಿಕೆಯನ್ನೂ ಖಾಲಿ ಹಾಳೆಯನ್ನೂ ಕಿತ್ತು ಬಿಸಾಡಬೇಡಿ. ಬಿಸಿಲಿಗೆ ಹರಡದೆ ನೆರಳಿನಲ್ಲಿ ಗಾಳಿಗೆ ಇಡಿ. ಮೆತ್ತಗಿನ ಒಣ ಬಟ್ಟೆಯಿಂದ ಧೂಳು ತೆಗೆಯಿರಿ, ಒದ್ದೆ ಬಟ್ಟೆ ಬೇಡ. ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಚೆನ್ನಾಗಿ ಒಣಗಿದ ಬೇವಿನ ಎಲೆಯನ್ನು ಪುಸ್ತಕದ ಒಳಗಲ್ಲ, ಪೆಟ್ಟಿಗೆಯ ಮೂಲೆಯಲ್ಲಿ ಇಡಿ. ಪೆಟ್ಟಿಗೆ ನೆಲಕ್ಕೂ ಗೋಡೆಗೂ ತಾಗದಂತೆ ಇರಲಿ. ಗೆದ್ದಲು ಬರುವುದು ಅಲ್ಲಿಂದಲೇ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆರೆದು ನೋಡಿ.

ಆಮೇಲೆ ಮೊಬೈಲಿನಲ್ಲಿ ಹೊದಿಕೆ, ಮೊದಲ ಪುಟ, ಕೊನೆಯ ಪುಟ, ಕೈಬರಹವಿರುವ ಹಾಳೆ ಇವಿಷ್ಟರ ಫೋಟೋ ತೆಗೆದು ಇಬ್ಬರ ಬಳಿ ಇಡಿ. ಇಬ್ಬರ ಬಳಿ ಎಂದು ಏಕೆ ಹೇಳುತ್ತೇನೆಂದರೆ, ಹೈದರಾಬಾದಿನಲ್ಲಿ ಅಬ್ದುಸ್ ಸಮದ್ ಖಾನ್ ಎಂಬವರು ದಶಕಗಳ ಕಾಲ ಹಳೆಯ ಉರ್ದು ಪುಸ್ತಕ, ಪತ್ರಿಕೆಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೂಡಿಟ್ಟಿದ್ದರು. ಆ ಸಂಗ್ರಹದ ಬೆಲೆ ಅರಿತು ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದವರೂ ಮುಂದೆ ಬಂದರು. ಸಂಗ್ರಹ ಸುಂದರಯ್ಯ ವಿಜ್ಞಾನ ಕೇಂದ್ರದಲ್ಲಿ ಸುರಕ್ಷಿತವಾಗಿ ಕೂತಿತು ಎನ್ನುವಷ್ಟರಲ್ಲಿ 2000ದ ಆಗಸ್ಟ್‌ನ ಪ್ರವಾಹದಲ್ಲಿ ನೀರು ನುಗ್ಗಿತು. ದೊಡ್ಡ ಸಂಸ್ಥೆಗೇ ಹೀಗಾದರೆ ನಮ್ಮ ಅಟ್ಟದ ಪಾಡೇನು?

ಮನೆಯಲ್ಲಿ ಓದುವ ಹಂಬಲ ಹುಟ್ಟಿದರೆ ಇದೇ ಹಳೆಯ ಕಾದಂಬರಿಗಳು ಹೊಸ ಮುದ್ರಣದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಓದಲು ಹೊಸದು, ಕಾಯಲು ಹಳೆಯದು. ಮನೆಯಲ್ಲಿ ಇಡಲು ಸಾಧ್ಯವೇ ಇಲ್ಲವೆಂದಾದರೆ ಉರ್ದು ಬಲ್ಲ ಕಾಲೇಜು ಅಧ್ಯಾಪಕರಿಗೆ, ಒಳ್ಳೆಯ ಗ್ರಂಥಾಲಯಕ್ಕೆ ಕೊಡಿ. ಕೊಡುವ ಮೊದಲು ಕೈಬರಹದ ಹಾಳೆಯ ನಕಲು ಇಟ್ಟುಕೊಳ್ಳಿ. ಕರಾವಳಿಯ ಸಹೋದರಿಯರೇ, ನಿಮ್ಮ ಮನೆಯ ಅರಬಿ-ಮಲಯಾಳಂ ಕಿತಾಬುಗಳಿಗೂ ಇದೇ ಮಾತು.

ಕೊನೆಗೆ ಒಂದು ನೆನಪು. ಅಬೂಬಕರ್ ಸಿದ್ದೀಕ್(ರ)ರ ಕಾಲದಲ್ಲಿ ಝೈದ್ ಬಿನ್ ಸಾಬಿತ್(ರ)ರು ಕುರ್‌ಆನಿನ ಬರಹಗಳನ್ನು ಒಂದುಗೂಡಿಸಿದರು. ಆ ಹಾಳೆಗಳು ಅಬೂಬಕರ್(ರ)ರ ನಂತರ ಉಮರ್(ರ)ರ ಬಳಿ ಇದ್ದವು. ಅವರ ನಂತರ ಯಾರ ಬಳಿ? ಮಗಳು ಹಫ್ಸಾ(ರ)ರ ಬಳಿ. ಉಸ್ಮಾನ್(ರ)ರು ಪ್ರತಿಗಳನ್ನು ಮಾಡಿಸಬೇಕೆಂದಾಗ ಹಫ್ಸಾ(ರ)ರಿಂದಲೇ ಆ ಹಾಳೆಗಳನ್ನು ತರಿಸಿಕೊಂಡರು, ಕೆಲಸ ಮುಗಿದ ಮೇಲೆ ಅವರಿಗೇ ಹಿಂದಿರುಗಿಸಿದರು. ಅಲ್ಲಾಹನ ವಚನಕ್ಕೂ ಕಾದಂಬರಿಗೂ ಹೋಲಿಕೆಯೇ ಇಲ್ಲ, ಅದನ್ನು ನಾನು ಮಾಡುತ್ತಲೂ ಇಲ್ಲ. ಆದರೆ ಬರೆದಿಟ್ಟದ್ದನ್ನು ಜೋಪಾನ ಮಾಡುವುದು, ಕೇಳಿದವರಿಗೆ ಕೊಡುವುದು, ಕೊಟ್ಟದ್ದನ್ನು ಹಿಂದೆ ಪಡೆದು ಮತ್ತೆ ಕಾಯುವುದು, ಇದು ನಮ್ಮ ತಾಯಂದಿರ ಸುನ್ನತ್ತಿನಂತೆ ನಮಗೆ ಬಂದ ಗುಣ ಎಂದು ನಂಬಿದ್ದೇನೆ.

ಈ ಸಲ ಸಂದೂಕು ಇಳಿಸಿದಾಗ ಅವಸರ ಬೇಡ. ಮನೆಯ ಹಿರಿಯ ಹೆಂಗಸನ್ನು ಹತ್ತಿರ ಕೂರಿಸಿಕೊಳ್ಳಿ. "ದಾದಿ, ಇದು ಯಾರದು?" ಎಂದು ಮೊದಲು ಕೇಳಿ, ಆಮೇಲೆ ಗುಡ್ಡೆ ಮಾಡಿ. ನಾನು ಅಂದು ಕೇಳದೆ ಬಿಟ್ಟದ್ದು ಆ ಒಂದೇ ಪ್ರಶ್ನೆ.

ಅಲ್ಲಾಹನು ನಮ್ಮ ಅಮಾನತುಗಳನ್ನು ಕಾಪಾಡುವ ತೌಫೀಕ್ ನಮಗೆ ನೀಡಲಿ, ನಮ್ಮ ತಪ್ಪುಗಳನ್ನು ಮನ್ನಿಸಲಿ. ಆಮೀನ್.